ಕಾವಲುಗಾರ ಪೊಲೀಸನಲ್ಲ, ಅಂಗಡಿ ಠಾಣೆಯಲ್ಲ!



ಮಗ್ಗದ ಸದ್ದು ಕೇಳುತ್ತ ಬೆಳೆದ ಊರು ನಮ್ಮ ಭಾಗ್ಯನಗರ. ಸೀರೆ ನೇಯುವವರು, ಕೂದಲಿನ ಸಿಕ್ಕು ಬಿಡಿಸಿ ಕೂಲಿ ಎಣಿಸುವ ಹೆಣ್ಣುಮಕ್ಕಳು ಬಾಳುವ ಊರು. ಇವರಿಗೆ ಕಿರಾಣಿ ಅಂಗಡಿ ಗೊತ್ತು. ಗಲ್ಲಾದ ಮೇಲೆ ಕೂತ ಸಾವಕಾರರಿಗೂ ಇವರು ಯಾರ ಮನೆಯವರೆಂಬುದು ಗೊತ್ತು. ಆದರೆ ಸಾಮಾನನ್ನು ನಾವೇ ಎತ್ತಿಕೊಳ್ಳುವ ದೊಡ್ಡ ಅಂಗಡಿಗಳ ಕಾಲ ಬಂದಿದೆ. ತಲೆಯ ಮೇಲೆ ಕ್ಯಾಮೆರಾ, ಬಾಗಿಲಲ್ಲಿ ಸೆಕ್ಯುರಿಟಿ. ಹೊರಗೆ ಬರುವಾಗ ಒಂದು ಕೈ ಅಡ್ಡ ಬಂದು, "ನಡಿ ಒಳಗ, ಚೀಲ ತೆಗಿ" ಎಂದರೆ ಏನು ಮಾಡುತ್ತೀರಿ?

ಬಹಳ ಮಂದಿ ಮಾಡುವುದು ಒಂದೇ. ಬೆವರುತ್ತಾರೆ, ಕೈ ಮುಗಿಯುತ್ತಾರೆ, ಕೇಳಿದಷ್ಟು ರೊಕ್ಕ ಕೊಟ್ಟು, ತೋರಿಸಿದ ಜಾಗದಲ್ಲಿ ಸಹಿ ಹಾಕಿ ಪಾರಾಗುತ್ತಾರೆ. ಕದ್ದದ್ದಕ್ಕಲ್ಲ, ಮಾನಕ್ಕೆ ಅಂಜಿ! ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎಂಬ ಗಾದೆ ನಮ್ಮಲ್ಲಿದೆ. ಕದಿಯದವನೂ ಹೆಗಲು ಮುಟ್ಟಿಕೊಳ್ಳುವಂತೆ ಮಾಡುವುದೇ ಈ ಬೆದರಿಕೆಯ ಕಸುಬು.

ಕಳ್ಳತನವನ್ನು ನಾವು ಸಮರ್ಥಿಸುತ್ತಿಲ್ಲ. ಕದ್ದವನಿಗೆ ಶಿಕ್ಷೆಯಾಗಲಿ. ಆದರೆ ಯಾರು ಕದ್ದವರು ಎಂದು ತೀರ್ಮಾನಿಸುವವರು ಯಾರು? ನ್ಯಾಯಾಲಯವೋ, ಬಾಗಿಲು ಕಾಯುವವನೋ?

ಕಾನೂನು ಏನು ಹೇಳುತ್ತದೆ ನೋಡಿ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಕಲಂ 40ರ ಪ್ರಕಾರ ಖಾಸಗಿ ವ್ಯಕ್ತಿಯೂ ಒಬ್ಬರನ್ನು ಹಿಡಿಯಬಹುದು. ಆದರೆ ಅಪರಾಧ ಅವನ ಕಣ್ಣೆದುರೇ ನಡೆದಿರಬೇಕು. ಅದು ಪೊಲೀಸರು ವಾರಂಟಿಲ್ಲದೆ ಬಂಧಿಸಬಹುದಾದ, ಜಾಮೀನು ಹಕ್ಕಾಗಿ ಸಿಗದ ಅಪರಾಧವಾಗಿರಬೇಕು. ಹಿಡಿದ ಮೇಲೆ ಅನಗತ್ಯ ತಡ ಮಾಡದೆ, ಹೆಚ್ಚೆಂದರೆ 6 ಗಂಟೆಯೊಳಗೆ ಪೊಲೀಸರಿಗೆ ಒಪ್ಪಿಸಬೇಕು. ಬರೀ ಅನುಮಾನದ ಮೇಲೆ ಹಿಡಿಯಲು ಈ ಕಲಮಿನಲ್ಲಿ ಜಾಗವಿಲ್ಲ.

ಇನ್ನೂ ಒಂದು ಮಾತು. 5,000 ರೂಪಾಯಿಗಿಂತ ಕಡಿಮೆ ಬೆಲೆಯ ಕಳವು ಮೊದಲ ಸಲ ಸಾಬೀತಾಗಿ, ಮಾಲನ್ನೋ ಅದರ ಬೆಲೆಯನ್ನೋ ಹಿಂದಿರುಗಿಸಿದರೆ, ಭಾರತೀಯ ನ್ಯಾಯ ಸಂಹಿತೆಯ ಕಲಂ 303 ವಿಧಿಸುವ ಶಿಕ್ಷೆ ಸಮುದಾಯ ಸೇವೆ. ಅದು ಜಾಮೀನು ಸಿಗುವ, ವಾರಂಟಿಲ್ಲದೆ ಬಂಧಿಸಲಾಗದ ಅಪರಾಧ. ಸರಕು ಇಡುವ ಕಟ್ಟಡದಲ್ಲಿ ಕದ್ದದ್ದೆಂದು ಕಲಂ 305 ಹಚ್ಚಿದರೆ ಶಿಕ್ಷೆ 7 ವರ್ಷದವರೆಗೆ ಏರುತ್ತದೆ, ನಿಜ. ಯಾವ ಕಲಂ ಎಂಬುದನ್ನು ಪೊಲೀಸರು, ಕೋರ್ಟು ನೋಡುತ್ತಾರೆ. ಅದು ಸೆಕ್ಯುರಿಟಿಯವನ ಕೆಲಸವಲ್ಲ. ಬಿಲ್ ಮಾಡಿಸಲು ಮರೆತು ಕೈಯಲ್ಲೇ ಉಳಿದ ಸಾಬೂನು ಕಳವೂ ಅಲ್ಲ. ಕಳವಿಗೆ ಅಪ್ರಾಮಾಣಿಕ ಉದ್ದೇಶ ಬೇಕು.

ಅಕ್ರಮವಾಗಿ ಕೋಣೆಯಲ್ಲಿ ಕೂಡಿಹಾಕಿದರೆ ಅಪರಾಧಿ ಅವರೇ: ಕಲಂ 127, ಒಂದು ವರ್ಷದವರೆಗೆ ಸೆರೆ. ಕಪಾಳಕ್ಕೆ ಹೊಡೆದರೆ ಕಲಂ 115. ಹತ್ತು ಪಟ್ಟು ದಂಡ ಕೊಡು, ಇಲ್ಲದಿದ್ದರೆ ಫೋಟೋ ಹರಿಬಿಡುತ್ತೇವೆ ಎಂದು ಬೆದರಿಸಿ ರೊಕ್ಕ ಕಿತ್ತರೆ ಅದು ಸುಲಿಗೆ: ಕಲಂ 308, 7 ವರ್ಷದವರೆಗೆ. ದಂಡ ಹಾಕಲು ಅಂಗಡಿಯೇನು ನ್ಯಾಯಾಲಯವೇ? ಮೈ ತಡಕುವ ಅಧಿಕಾರವೂ ಅವರಿಗಿಲ್ಲ. ಬಂಧಿತ ಹೆಣ್ಣುಮಗಳ ಶೋಧವನ್ನು ಹೆಂಗಸೇ ಮಾಡಬೇಕೆಂದು ಕಾನೂನು ಪೊಲೀಸರನ್ನೇ ಕಟ್ಟಿಹಾಕಿರುವಾಗ, ಇವರು ಯಾವ ಲೆಕ್ಕ?

ಅನುಮಾನ ಕೈಗೆ ಬಂದರೆ ಎಲ್ಲಿಗೆ ಹೋಗಿ ನಿಲ್ಲುತ್ತದೆ? 2018ರ ಫೆಬ್ರುವರಿ 22ರಂದು ಕೇರಳದ ಅಟ್ಟಪ್ಪಾಡಿಯಲ್ಲಿ, ಅಂಗಡಿಯಿಂದ ದಿನಸಿ ಕದ್ದನೆಂದು ಆದಿವಾಸಿ ಯುವಕನೊಬ್ಬನ ಕೈ ಕಟ್ಟಿ ಬಡಿದರು. ಅವನು ಸತ್ತ. 2023ರ ಏಪ್ರಿಲ್‌ನಲ್ಲಿ ಮನ್ನಾರ್ಕಾಡ್ ವಿಶೇಷ ನ್ಯಾಯಾಲಯ 13 ಮಂದಿಗೆ 7 ವರ್ಷ ಕಠಿಣ ಶಿಕ್ಷೆ ಕೊಟ್ಟಿತು. ಹಿಡಿದವರು ಜೈಲು ಕಂಡರು. ಹೋದ ಜೀವ ಬಂತೇ?

ಈಗ ಆ ಕಾಗದದ ಮಾತು. ಅಂಗಡಿಯ ಹೊರಗಿನ ಫಲಕದಲ್ಲಿ ಶೇಕಡಾ 60 ಕನ್ನಡ ಇರಬೇಕೆಂದು 2024ರಲ್ಲಿ ನಮ್ಮ ರಾಜ್ಯ ಕಾನೂನು ಮಾಡಿದೆ. ಒಳಗಿನ ಕೋಣೆಯಲ್ಲಿ ಕೈಗೆ ತುರುಕುವ ತಪ್ಪೊಪ್ಪಿಗೆ ಇಂಗ್ಲಿಷಿನಲ್ಲಿದ್ದರೆ? ಸಹಿ ಹಾಕಬೇಡಿ! ಕನ್ನಡದಲ್ಲಿದ್ದರೂ ಹಾಕಬೇಡಿ. ಪೊಲೀಸ್ ಅಧಿಕಾರಿಗೆ ಕೊಟ್ಟ ತಪ್ಪೊಪ್ಪಿಗೆಯನ್ನು ಆರೋಪಿಯ ವಿರುದ್ಧ ಸಾಕ್ಷ್ಯವಾಗಿ ಬಳಸುವಂತಿಲ್ಲ. ಅಂಗಡಿಯವರಿಗೆ ಬರೆದುಕೊಟ್ಟ ಚೀಟಿಗೆ ಆ ತಡೆ ಇಲ್ಲ. ಬೆದರಿಸಿ ಬರೆಸಿಕೊಂಡರೆಂದು ಆಮೇಲೆ ನೀವೇ ಹೋರಾಡಬೇಕಾದೀತು.

ಭಾಷೆಯ ಈ ಹಕ್ಕು ನಮ್ಮ ಹಟವಲ್ಲ. 1962ರ ಹರಿಕಿಸನ್ ಪ್ರಕರಣದಲ್ಲಿ, ಇಂಗ್ಲಿಷ್ ಬಾರದ ವ್ಯಕ್ತಿಗೆ ಮುನ್ನೆಚ್ಚರಿಕೆ ಬಂಧನದ ಕಾರಣಗಳನ್ನು ಇಂಗ್ಲಿಷಿನಲ್ಲಿ ಕೊಟ್ಟದ್ದಕ್ಕೆ ಸುಪ್ರೀಂ ಕೋರ್ಟು ಆ ಬಂಧನವನ್ನೇ ರದ್ದು ಮಾಡಿತು. ಬಾಯಿಮಾತಿನಲ್ಲಿ ತಿಳಿಸಿದರೆ ಸಾಲದು ಎಂದಿತು. 2025ರ ನವೆಂಬರ್‌ನಲ್ಲಿ ಅದೇ ಕೋರ್ಟು, ಯಾವುದೇ ಅಪರಾಧವಿರಲಿ, ಬಂಧನದ ಕಾರಣವನ್ನು ಬಂಧಿತನಿಗೆ ತಿಳಿಯುವ ಭಾಷೆಯಲ್ಲಿ ಬರಹದಲ್ಲೇ ಕೊಡಬೇಕೆಂದು ಹೇಳಿದೆ. ಪೊಲೀಸರಿಗೇ ಈ ಕಟ್ಟಳೆ ಇರುವಾಗ, ಓದಲಾಗದ ಕಾಗದಕ್ಕೆ ಸಹಿ ಕೇಳಲು ಅಂಗಡಿಗೆ ಯಾವ ಅಧಿಕಾರ?

ಆದ್ದರಿಂದ ತಡೆದರೆ ಓಡಬೇಡಿ, ಕೈ ಮಾಡಬೇಡಿ. ಬಿಲ್ ತೋರಿಸಿ. "ಪೊಲೀಸರನ್ನು ಕರೆಯಿರಿ" ಎಂದು ನಾಲ್ಕು ಜನ ಕೇಳುವಂತೆ ಹೇಳಿ, ಅಥವಾ ನೀವೇ 112ಕ್ಕೆ ಫೋನ್ ಮಾಡಿ. ಮನೆಯವರಿಗೆ ಸುದ್ದಿ ಮುಟ್ಟಿಸಿ. ಪೊಲೀಸರು ಬಂಧಿಸಿದರೆ ವಕೀಲರನ್ನು ಕೇಳುವುದು, 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲುವುದು ಸಂವಿಧಾನದ 22ನೇ ವಿಧಿ ಕೊಟ್ಟ ಹಕ್ಕು. ಅವಮಾನವಾಗಿದ್ದರೆ ದೂರು ಕೊಡಿ. ಕ್ಯಾಮೆರಾದ ದೃಶ್ಯ ಅಳಿಸದಂತೆ ಕಾಯ್ದಿರಿಸಬೇಕೆಂದು ದೂರಿನಲ್ಲೇ ಬರೆಯಿರಿ. ಆ ಕ್ಯಾಮೆರಾ ನಿಮಗೂ ಸಾಕ್ಷಿ. ಎಫ್‌ಐಆರ್ ದಾಖಲಾದರೆ ಪ್ರತಿ ಉಚಿತ. ಠಾಣೆ ನಿರಾಕರಿಸಿದರೆ ಎಸ್‌ಪಿಯವರಿಗೆ ಅಂಚೆಯಲ್ಲಿ ಕಳಿಸಿ. ವಕೀಲರಿಗೆ ರೊಕ್ಕವಿಲ್ಲವೇ? ಹೆಣ್ಣುಮಕ್ಕಳು, ಪರಿಶಿಷ್ಟರು, ಬಂಧನದಲ್ಲಿರುವವರಿಗೆ ಕಾನೂನು ನೆರವು ಉಚಿತ. ಸಹಾಯವಾಣಿ 15100.

ಬಾಗಿಲಲ್ಲಿ ನಿಂತ ಹುಡುಗನ ಮೇಲೆ ನಮಗೆ ಸಿಟ್ಟಿಲ್ಲ. ಅವನೂ ನಮ್ಮಂತೆಯೇ ಸಂಬಳಕ್ಕೆ ದುಡಿಯುವವನು. ತರಬೇತಿ ಕೊಡದೆ ಅವನ ಕೈಗೆ ಲಾಠಿ ಕೊಟ್ಟ ಮಾಲೀಕರೂ ಏಜೆನ್ಸಿಗಳೂ ಉತ್ತರ ಹೇಳಲಿ. 2005ರ ಖಾಸಗಿ ಭದ್ರತಾ ಏಜೆನ್ಸಿಗಳ ಕಾಯ್ದೆ ಏಜೆನ್ಸಿಗೆ ಲೈಸೆನ್ಸ್ ಬೇಕೆನ್ನುತ್ತದೆ, ಪೊಲೀಸರ ಸಮವಸ್ತ್ರ ಹೋಲುವ ಬಟ್ಟೆ ತೊಟ್ಟರೆ ಶಿಕ್ಷೆ ಎನ್ನುತ್ತದೆ. ಲೈಸೆನ್ಸ್ ತೋರಿಸಿ ಎಂದು ಕೇಳಲು ನಾಚಿಕೆ ಏಕೆ?

ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು ಎಂದರು ಹಿರಿಯರು. ಬಂಧುಗಳೇ, ಈ ಪುಟವನ್ನು ಓದು ಬಾರದ ನೆರೆಮನೆಯವರಿಗೆ ಓದಿ ಹೇಳಿ. ಅವರ ಸಹಿಯೋ ಹೆಬ್ಬೆಟ್ಟೋ ಬೆದರಿಕೆಗೆ ಸಿಕ್ಕದಿರಲಿ!