ಸತ್ತ ಕೂದಲು, ಬದುಕಿದ ಎಲುಬು

ಕಳೆದ ಸಂಚಿಕೆಯಲ್ಲಿ ಕಣ್ಣಿನ ವಿಷಯ ಬರೆದಿದ್ದೆನಷ್ಟೆ. ಅದನ್ನು ಓದಿದ ಹೈದರಾಬಾದಿನ ಸೋದರಿಯೊಬ್ಬರು ಕಾಗದ ಬರೆದು, "ಕಣ್ಣಿನ ಮಾತು ಇರಲಿ, ತಲೆಗೂದಲು ದಿನವೂ ಬಾಚಣಿಗೆ ತುಂಬ ಉದುರುತ್ತದೆ, ಅದಕ್ಕೇನಾದರೂ ಹೇಳಿರಿ" ಎಂದು ಕೇಳಿದ್ದಾರೆ. ಅವರಲ್ಲಿ ಮೊದಲೇ ಒಂದು ಅರಿಕೆ. ನಾನು ವೈದ್ಯನಲ್ಲ, ಬಿ. ಎ. ಪಾಸು ಮಾಡಿ ಪುಣೆಯ ಸರಕಾರಿ ಕಚೇರಿಯೊಂದರಲ್ಲಿ ಫೈಲು ಸರಿಸುವ ಗುಮಾಸ್ತ. ಅಲ್ಲಿ ಇಲ್ಲಿ ಓದಿ ತಿಳಿದುಕೊಂಡದ್ದನ್ನು ಮನೆಯಲ್ಲಿ ಹೇಳಹೋದರೆ ಕೇಳುವವರಿಲ್ಲ. ಆದ್ದರಿಂದ ಮೂರು ತಿಂಗಳಿಗೊಮ್ಮೆ ತಮ್ಮ ಮುಂದೆ ಹೇಳಿಕೊಳ್ಳುತ್ತೇನೆ. ಈ ಸಲ ಕೂದಲಿನಿಂದ ಹೊರಟು ಎಲುಬಿಗೆ ಬಂದು ನಿಲ್ಲಬೇಕಾಗಿದೆ. ಮೈಸೂರು ಕಡೆಯವರು ಅದನ್ನು ಮೂಳೆ ಎನ್ನುತ್ತಾರೆ. ಧಾರವಾಡದ ಕಡೆಯವನಾದ ನನ್ನ ಬಾಯಿಗೆ ಎಲುಬೇ ಬರುತ್ತದೆ.

ಸೋದರಿಯವರು ಗಾಬರಿಯಾಗಬೇಕಾಗಿಲ್ಲ. ಮನುಷ್ಯನ ತಲೆಯ ಮೇಲೆ ಸುಮಾರು ಒಂದು ಲಕ್ಷ ಕೂದಲಿರುತ್ತವೆ. ನಮ್ಮ ನೌಕರಿಯಂತೆ ಒಂದೊಂದು ಕೂದಲಿಗೂ ಸೇವಾವಧಿ ಉಂಟು. ಎರಡರಿಂದ ಆರು ವರುಷ ಅದು ಬೆಳೆಯುತ್ತದೆ. ಆಮೇಲೆ ಎರಡು ಮೂರು ವಾರಗಳಲ್ಲಿ ಬೆಳವಣಿಗೆ ನಿಂತು, ಮೂರು ತಿಂಗಳು ಕೆಲಸವಿಲ್ಲದೆ ಕುಳಿತು, ನಿವೃತ್ತಿ ಹೊಂದುತ್ತದೆ. ಅದೇ ಕುಳಿಯಲ್ಲಿ ಮತ್ತೊಂದರ ನೇಮಕವಾಗುತ್ತದೆ. ಲಕ್ಷದಲ್ಲಿ ದಿನಕ್ಕೆ ಐವತ್ತರಿಂದ ನೂರು ಕೂದಲು ನಿವೃತ್ತವಾಗುವುದು ಲೆಕ್ಕಕ್ಕೆ ಸರಿಯಾದದ್ದೇ. ಜ್ವರ, ಬಾಣಂತನ, ದೊಡ್ಡ ಚಿಂತೆ, ಇವುಗಳ ತರುವಾಯ ಎರಡು ಮೂರು ತಿಂಗಳಿಗೆ ಒಮ್ಮೆಲೇ ಹೆಚ್ಚು ಉದುರುವುದೂ ಉಂಟು. ಬಹುಮಟ್ಟಿಗೆ ಅದು ತಾನಾಗಿ ಮರಳಿ ಬರುತ್ತದೆ. ಬರದಿದ್ದರೆ ವೈದ್ಯರನ್ನು ಕಾಣಬೇಕು, ನನ್ನನ್ನಲ್ಲ.

ಸೋಜಿಗವೆಂದರೆ, ನಾವು ಎಣ್ಣೆ ಹಚ್ಚಿ, ಸೀಗೆಕಾಯಿ ತಿಕ್ಕಿ, ಬಾಚಿ ಹೆಣೆದು ಹೂ ಮುಡಿಸುವ ಈ ಕೂದಲು ಸತ್ತ ವಸ್ತು. ಚರ್ಮದ ಒಳಗೆ, ಬುಡದಲ್ಲಿ ಮಾತ್ರ ಜೀವ. ಹೊರಗೆ ಬರುವ ಹೊತ್ತಿಗೆ ಅದರ ಜೀವಕೋಶಗಳು ಸತ್ತು, ಕೆರಟಿನ್ ಎಂಬ ಗಟ್ಟಿ ಪದಾರ್ಥ ಉಳಿದಿರುತ್ತದೆ. ನಮ್ಮ ಉಗುರು, ಖಡ್ಗಮೃಗದ ಕೊಂಬು, ಎಲ್ಲವೂ ಅದೇ ಸರಕು. ಅದಕ್ಕೇ ಕತ್ತರಿಯಾಡಿಸಿದರೆ ನೋವಾಗುವುದಿಲ್ಲ. ಅದಕ್ಕೇ ಒಂದೇ ರಾತ್ರಿಯಲ್ಲಿ ತಲೆ ಬೆಳ್ಳಗಾಯಿತೆಂಬ ಕಥೆಗಳನ್ನೂ ನಂಬುವಂತಿಲ್ಲ. ಕಪ್ಪು ಕೂದಲು ಉದುರಿ, ಮೊದಲೇ ಇದ್ದ ಬಿಳಿಯವು ಎದ್ದು ಕಾಣುತ್ತವೆ, ಅಷ್ಟೆ.

ನನ್ನ ಮಗಳ ಜಾವಳ ತೆಗೆಸಿದಾಗ ಅವ್ವ, "ಮೂರು ಸಲ ಬೋಳಿಸ್ರಿ, ಕೂದಲಾ ದಟ್ಟ ಬರ್ತಾವ" ಎಂದಿದ್ದಳು. ನಾವು ಮೂರು ಸಲ ಬೋಳಿಸಿದೆವು. ಜಾವಳ ಸಂಪ್ರದಾಯ, ಅದರ ಮಾತು ಬೇರೆ. ದಟ್ಟವಾಗುವ ಮಾತನ್ನು ಮಾತ್ರ ಅಮೆರಿಕದ ಒಬ್ಬ ವಿದುಷಿ ಬಹಳ ಹಿಂದೆಯೇ ಪರೀಕ್ಷಿಸಿದ್ದರು. ಹೆಸರು ಮಿಲ್ಡ್ರೆಡ್ ಟ್ರಾಟರ್, ಸೇಂಟ್ ಲೂಯಿಸ್ ಪಟ್ಟಣದ ವಾಷಿಂಗ್ಟನ್ ವಿಶ್ವವಿದ್ಯಾಲಯದ ಅಂಗರಚನಾ ಶಾಸ್ತ್ರಜ್ಞೆ. ಕ್ಷೌರ ಮಾಡಿಕೊಳ್ಳುವ ಗಂಡಸರ ಗಡ್ಡವನ್ನು ಅಳೆದು ನೋಡಿ, ಬೋಳಿಸುವುದರಿಂದ ಕೂದಲಿನ ದಪ್ಪವೂ ಹೆಚ್ಚುವುದಿಲ್ಲ, ಬೆಳೆಯುವ ವೇಗವೂ ಹೆಚ್ಚುವುದಿಲ್ಲವೆಂದು ೧೯೨೮ರಲ್ಲಿ ಪ್ರಕಟಿಸಿದರು. ಕೂದಲಿನ ತುದಿ ಹುಟ್ಟಿನಿಂದ ಚೂಪು, ಬೋಳಿಸಿದಾಗ ಮೊಂಡಾಗುತ್ತದೆ. ಮೊಂಡು ತುದಿ ಕೈಗೆ ಒರಟಾಗಿ ತಾಗುವುದರಿಂದ ದಪ್ಪವಾಯಿತೆಂದು ನಾವು ಭ್ರಮಿಸುತ್ತೇವೆ.

ಈ ವಿದುಷಿಯೇ ನನ್ನನ್ನು ಕೂದಲಿನಿಂದ ಎಲುಬಿಗೆ ಕರೆದೊಯ್ದವರು. ಎರಡನೆಯ ಮಹಾಯುದ್ಧದಲ್ಲಿ ಶಾಂತಸಾಗರದ ದ್ವೀಪಗಳಲ್ಲಿ ಮಡಿದ ಸೈನಿಕರ ಅವಶೇಷಗಳು ಹವಾಯಿಗೆ ಬಂದು ಸೇರಿದ್ದವು. ಯಾವುದು ಯಾರದೆಂದು ಗುರುತಿಸಿ ಮನೆಯವರಿಗೆ ತಲುಪಿಸಬೇಕು. ೧೯೪೮ರಲ್ಲಿ ಟ್ರಾಟರ್ ಕಾಲೇಜಿಗೆ ರಜೆ ಹಾಕಿ ಅಲ್ಲಿಗೆ ಹೋದರು. ಸೈನ್ಯಕ್ಕೆ ಸೇರುವಾಗ ಬರೆದುಕೊಂಡ ಎತ್ತರ ಕಾಗದದ ಮೇಲಿತ್ತು; ಎಲುಬು ಮೇಜಿನ ಮೇಲಿತ್ತು. ಎರಡನ್ನೂ ಹೊಂದಿಸಿ, ಗೋಲ್ಡೀನ್ ಗ್ಲೀಸರ್ ಎಂಬ ಸಂಖ್ಯಾಶಾಸ್ತ್ರಜ್ಞೆಯೊಡನೆ ೧೯೫೨ರಲ್ಲಿ ಒಂದು ಸೂತ್ರವನ್ನು ಹೊರತಂದರು. ಅದರ ಪ್ರಕಾರ ತೊಡೆಯ ಎಲುಬು ೪೮ ಸೆಂಟಿಮೀಟರಿದ್ದರೆ ಆ ಬಿಳಿಯ ಗಂಡಸಿನ ಎತ್ತರ ಸುಮಾರು ೧೭೫ ಸೆಂಟಿಮೀಟರು. ಬೇರೆ ಜನಾಂಗದವರಿಗೆ ಲೆಕ್ಕ ಬೇರೆ. ಅವರು ಮೊಣಕಾಲ ಕೆಳಗಿನ ಎಲುಬನ್ನು ಅಳೆಯುವಾಗ ಪಾದದ ಬಳಿಯ ಗಂಟನ್ನು ಬಿಟ್ಟು ಅಳೆದಿದ್ದರೆಂಬುದು ೧೯೯೫ರಲ್ಲಿ ಬಯಲಾಯಿತು. ಕೂಡುವ ಲೆಕ್ಕದಲ್ಲಿ ಆಗಾಗ ತಪ್ಪಿ ಬೈಸಿಕೊಳ್ಳುವ ನನ್ನಂಥವನಿಗೆ ಇದರಿಂದ ತುಸು ಸಮಾಧಾನವಾಯಿತೆಂದು ಒಪ್ಪಿಕೊಳ್ಳುತ್ತೇನೆ.

ಈ ಇಬ್ಬರದೇ ಇನ್ನೊಂದು ಲೇಖನ ೧೯೫೧ರದು, ವಯಸ್ಸಾದಂತೆ ಎತ್ತರ ಕುಗ್ಗುವುದನ್ನು ಕುರಿತದ್ದು. ಮೂವತ್ತು ದಾಟಿದ ಮೇಲೆ ವರುಷಕ್ಕೆ ೦.೦೬ ಸೆಂಟಿಮೀಟರಿನಂತೆ ಮನುಷ್ಯ ಗಿಡ್ಡನಾಗುತ್ತಾನೆಂದು ಅವರು ಅಂದಾಜು ಮಾಡಿದ್ದರು. ಅರವತ್ತಾರಕ್ಕೆ ಲೆಕ್ಕ ಹಾಕಿದರೆ ಎರಡು ಸೆಂಟಿಮೀಟರಿಗಿಂತ ತುಸು ಹೆಚ್ಚು. ಅರವತ್ತಾರು ಏಕೆಂದರೆ, ನಮ್ಮ ಅವ್ವನಿಗೆ ಆಗ ಅಷ್ಟು ವಯಸ್ಸು.

೨೦೨೩ರ ಫೆಬ್ರವರಿಯಲ್ಲಿ ಅವ್ವ ಬಚ್ಚಲಿಂದ ಬರುವಾಗ ಮುಗ್ಗರಿಸಿದಳು. ಬಿದ್ದದ್ದು ದೊಡ್ಡದಲ್ಲ, ನೆಲಕ್ಕೆ ಕೈ ಊರಿದಳು, ಅಷ್ಟೆ. ಮಣಿಕಟ್ಟಿನ ಎಲುಬು ಮುರಿಯಿತು. ಡಬ್ಲಿನ್ನಿನ ಶಸ್ತ್ರವೈದ್ಯ ಏಬ್ರಹಾಂ ಕೋಲ್ಸ್ ೧೮೧೪ರಷ್ಟು ಹಿಂದೆಯೇ ವರ್ಣಿಸಿದ ಮುರಿತ ಅದು. ಇಂದಿಗೂ ಅವನ ಹೆಸರೇ ಅದಕ್ಕೆ ಇದೆ. ಪ್ಲಾಸ್ಟರು ಹಾಕಿದ ಮೇಲೆ ವೈದ್ಯರು ಅವ್ವನನ್ನು ಗೋಡೆಗೆ ನಿಲ್ಲಿಸಿ ಎತ್ತರ ಅಳೆದು, "ಮೊದಲು ಎಷ್ಟಿತ್ತು?" ಎಂದು ನನ್ನನ್ನು ಕೇಳಿದರು. ನಾನು ತಡವರಿಸಿದೆ. ತಾಯಿಯ ಎತ್ತರವನ್ನು ಯಾರು ಅಳೆದಿಟ್ಟಿರುತ್ತಾರೆ? ಆಗ ನನ್ನ ಹೆಂಡತಿ, "ಎರಡು ವರುಷದಿಂದ ಅತ್ತೆಯವರ ಸೀರೆ ನೆಲಕ್ಕೆ ತಾಗುತ್ತಿದೆ" ಎಂದಳು. ಅದು ನಿಜ. ಅವ್ವ ದಿನವೂ ನೇಕಾರರನ್ನು ಬೈಯುತ್ತಿದ್ದಳು: "ಈಗಿನ ಸೀರಿ ಪನ್ನಾ ಹೆಚ್ಚ ಮಾಡ್ಯಾರ ನೋಡು." ಇಪ್ಪತ್ತು ವರುಷದ ಹಳೆಯ ಇಳಕಲ್ಲ ಸೀರೆಯೂ ನೆಲ ಗುಡಿಸುತ್ತಿದ್ದುದು ನಮ್ಮ ಯಾರ ತಲೆಗೂ ಹೊಳೆದಿರಲಿಲ್ಲ. ಎಕ್ಸ್-ರೇ ತೆಗೆದು ನೋಡಿದರೆ ಬೆನ್ನಿನ ಎರಡು ಮಣಿಗಳು, ಮಳೆಗಾಲದಲ್ಲಿ ಬೆಲ್ಲದ ಪೆಂಟೆ ಕುಸಿದಂತೆ, ಒಂದು ಬದಿಗೆ ಕುಸಿದಿದ್ದವು. ಅವ್ವನಿಗೆ ಆ ನೋವೇ ಗೊತ್ತಿರಲಿಲ್ಲ. ಹೀಗೆ ಸದ್ದಿಲ್ಲದೆ ಕುಸಿಯುವುದೇ ಹೆಚ್ಚಂತೆ.

ಎಲುಬೆಂದರೆ ನಮ್ಮ ಕಣ್ಣ ಮುಂದೆ ಬರುವುದು ಶಾಲೆಯ ಕಪಾಟಿನಲ್ಲಿ ತೂಗುವ ಒಣ ಅಸ್ಥಿಪಂಜರ. ಅದನ್ನು ನೋಡಿಯೇ ನಾವು ಮೋಸಹೋಗಿದ್ದೇವೆ. ಒಳಗಿರುವ ಎಲುಬು ಬದುಕಿರುವ ವಸ್ತು. ರಕ್ತ ಹರಿಯುವ, ನೋವು ತಿಳಿಯುವ, ತನ್ನನ್ನು ತಾನೇ ರಿಪೇರಿ ಮಾಡಿಕೊಳ್ಳುವ ವಸ್ತು. ಚರ್ಮ ಹರಿದರೆ ಕಲೆ ಉಳಿಯುತ್ತದೆ; ಎಲುಬು ಮುರಿದರೆ ಮರಳಿ ಎಲುಬೇ ಆಗಿ ಕೂಡಿಕೊಳ್ಳುತ್ತದೆ. ಅದರ ಮಜ್ಜೆಯಲ್ಲಿ ಸೆಕೆಂಡಿಗೆ ಇಪ್ಪತ್ತು ಲಕ್ಷದಷ್ಟು ಕೆಂಪು ರಕ್ತಕಣಗಳು ಹುಟ್ಟುತ್ತವೆ. ಎಳೆಗೂಸಿಗೆ ಮುನ್ನೂರರ ಹತ್ತಿರ ಎಲುಬುಗಳಿದ್ದು, ಬೆಳೆಯುತ್ತ ಒಂದಕ್ಕೊಂದು ಬೆಸೆದು ಕೊನೆಗೆ ೨೦೬ ಆಗುತ್ತವೆ. ಅದರಲ್ಲಿ ೧೦೬ ಬರೀ ಕೈಕಾಲುಗಳ ಪಂಜಗಳಲ್ಲಿವೆ. ಒಂದು ಬಗೆಯ ಜೀವಕೋಶ ಹಳೆಯ ಎಲುಬನ್ನು ಕೆಡವುತ್ತ ಹೋಗುತ್ತದೆ, ಇನ್ನೊಂದು ಬಗೆಯದು ಹಿಂದಿನಿಂದ ಹೊಸದನ್ನು ಕಟ್ಟುತ್ತ ಬರುತ್ತದೆ. ಸುಮಾರು ಹತ್ತು ವರುಷಕ್ಕೊಮ್ಮೆ ಅಸ್ಥಿಪಂಜರವೆಲ್ಲ ಹೊಸದಾದಂತೆಯೇ.

ಇದನ್ನು ನಾನು ಪ್ರಾವಿಡೆಂಟ್ ಫಂಡಿನ ಹಾಗೆ ತಿಳಿದುಕೊಂಡಿದ್ದೇನೆ. ಮೈಯಲ್ಲಿರುವ ಕ್ಯಾಲ್ಸಿಯಂ ಒಟ್ಟು ಒಂದು ಕಿಲೋದಷ್ಟು. ಅದರಲ್ಲಿ ನೂರಕ್ಕೆ ತೊಂಬತ್ತೊಂಬತ್ತು ಪಾಲು ಎಲುಬು ಹಲ್ಲುಗಳಲ್ಲಿ ಜಮೆಯಾಗಿದೆ. ಉಳಿದ ಒಂದು ಪಾಲಿನಲ್ಲಿ ರಕ್ತ, ನರ, ಸ್ನಾಯು, ಹೃದಯಗಳ ಖರ್ಚು ನಡೆಯಬೇಕು. ಊಟದಲ್ಲಿ ಕಡಮೆ ಬಿದ್ದರೆ ಮೈ ಯಾರನ್ನೂ ಕೇಳದೆ ಫಂಡಿನಿಂದ ಹಣ ತೆಗೆಯುತ್ತದೆ. ಮೂವತ್ತರ ಆಸುಪಾಸಿನವರೆಗೆ ಜಮೆ ಹೆಚ್ಚು, ಆಮೇಲೆ ಖರ್ಚು ಹೆಚ್ಚು. ಹೆಂಗಸರಿಗೆ ಮುಟ್ಟು ನಿಂತ ಮೇಲೆ ಕೆಲವು ವರುಷ ಖರ್ಚು ಬಲು ಜೋರು. ಬೆಳೆಯುವ ಹುಡುಗಿಗೆ ಹನ್ನೊಂದು ಹನ್ನೆರಡರ ಸುಮಾರಿನ ಎರಡೇ ವರುಷಗಳಲ್ಲಿ ಇಡೀ ಆಯುಷ್ಯದ ಜಮೆಯ ಕಾಲು ಭಾಗ ಸೇರುತ್ತದೆಂದು ಓದಿ, ನಾನು ಓದುತ್ತಿದ್ದ ಪುಸ್ತಕ ಕೆಳಗಿಟ್ಟೆ. ನನ್ನ ಮಗಳಿಗೆ ಹನ್ನೊಂದು. ಎರಡು ಜಡೆ ಹೆಣೆದುಕೊಂಡು ಶಾಲೆಯಿಂದ ಟ್ಯೂಶನ್ನಿಗೆ, ಟ್ಯೂಶನ್ನಿನಿಂದ ಮನೆಗೆ.

ಆ ರಾತ್ರಿ ಮನೆಯ ಖರ್ಚಿನ ವಹಿ ತೆಗೆದೆ. ೨೦೨೨ರಲ್ಲಿ ಕೊಬ್ಬರಿ ಎಣ್ಣೆ, ಸೀಗೆಕಾಯಿ, ಶಾಂಪೂ, ಕ್ಷೌರ, ಜೊತೆಗೆ ಮೂವತ್ತಾರಕ್ಕೇ ನರೆತ ನನ್ನ ಮೀಸೆಯ ಬಣ್ಣ, ಎಲ್ಲ ಕೂಡಿ ೭,೪೬೦ ರೂಪಾಯಿ. ಎಲುಬಿನ ಬಾಬತ್ತು ಸೊನ್ನೆ. ಹಾಲು ಉಂಟಲ್ಲ ಎನ್ನಬಹುದು. ಅದೆಲ್ಲ ಚಹಕ್ಕೆ ಹೋಗುತ್ತಿತ್ತು.

ವೈದ್ಯರು ಗುಳಿಗೆ ಬರೆದುಕೊಟ್ಟರು. ಅವ್ವ ಈಗಲೂ ತೆಗೆದುಕೊಳ್ಳುತ್ತಾಳೆ. ಆದರೆ ಅವರು ಕೇಳಿದ ಒಂದು ಪ್ರಶ್ನೆ ನನಗೆ ನಾಟಿತು: "ಊರಿನಲ್ಲಿ ಏನು ಮಾಡಿಕೊಂಡಿದ್ದರು?" ಊರಿನಲ್ಲಿ ಅವ್ವ ನೀರು ಹೊರುತ್ತಿದ್ದಳು, ಹೊಲಕ್ಕೆ ಬುತ್ತಿ ಒಯ್ಯುತ್ತಿದ್ದಳು, ಅಂಗಳದಲ್ಲಿ ಕೂತು ಕಾಳು ಹಸನು ಮಾಡುತ್ತಿದ್ದಳು. ೨೦೧೬ರಲ್ಲಿ ಅಪ್ಪ ತೀರಿಕೊಂಡ ಮೇಲೆ, "ಇನ್ನು ಸಾಕು, ಆರಾಮಾಗಿ ಕೂಡು" ಎಂದು ಅವಳನ್ನು ಇಲ್ಲಿಗೆ ಕರೆತಂದವನು ನಾನು. ಎರಡನೆಯ ಮಹಡಿ, ಮುಂದೆ ಇನ್ನೊಂದು ಕಟ್ಟಡ. ಎಲುಬು ಮೈಮೇಲೆ ಬೀಳುವ ಭಾರಕ್ಕೆ ತಕ್ಕಂತೆ ಗಟ್ಟಿಯಾಗುತ್ತದೆಂದು ಜರ್ಮನಿಯ ಯೂಲಿಯುಸ್ ವೋಲ್ಫ್ ೧೮೯೨ರಲ್ಲಿಯೇ ಬರೆದಿದ್ದ. ಭಾರವೇ ಇಲ್ಲದ ಅಂತರಿಕ್ಷದಲ್ಲಿ ಗಗನಯಾತ್ರಿಗಳು ಸೊಂಟ ತೊಡೆಗಳ ಎಲುಬನ್ನು ತಿಂಗಳಿಗೆ ನೂರಕ್ಕೆ ಒಂದರಷ್ಟು ಕಳೆದುಕೊಳ್ಳುತ್ತಾರೆ. ನಮ್ಮಂಥ ಮಕ್ಕಳು ಊರಿನಿಂದ ಕರೆತಂದು ಕುರ್ಚಿಯಲ್ಲಿ ಕೂಡಿಸಿದ ತಾಯಂದಿರು ಮುಂಬಯಿ, ದಿಲ್ಲಿ, ಮದರಾಸುಗಳಲ್ಲಿ ಎಷ್ಟು ಮಂದಿಯೋ! ಪ್ರೀತಿಯಿಂದಲೇ ಕೂಡಿಸಿದ್ದೇವೆ, ಅದೇ ಸಂಕಟ.

ಬಿಸಿಲಿನ ಮಾತೂ ಹಾಗೆಯೇ. ಕ್ಯಾಲ್ಸಿಯಂ ಮೈಗೆ ಹತ್ತಬೇಕಾದರೆ ಡಿ ಜೀವಸತ್ತ್ವ ಬೇಕು; ಅದು ಬಿಸಿಲಿನ ಅತಿನೇರಳೆ ಕಿರಣದಿಂದ ಚರ್ಮದಲ್ಲಿ ಹುಟ್ಟುತ್ತದೆ. ಅವ್ವ ದಿನಾಲು ಏಳು ಗಂಟೆಗೆ ಕಿಟಕಿಯ ಗಾಜಿನ ಹಿಂದೆ ಎಳೆಬಿಸಿಲಿಗೆ ಕೂಡುತ್ತಿದ್ದಳು, ನಾವೂ ಒಳ್ಳೆಯದೆಂದುಕೊಂಡಿದ್ದೆವು. ಗಾಜು ಬೆಳಕನ್ನೂ ಶಾಖವನ್ನೂ ಒಳಗೆ ಬಿಡುತ್ತದೆ, ಬೇಕಾದ ಆ ಕಿರಣವನ್ನು ತಡೆಯುತ್ತದೆ. ಎಳೆಬಿಸಿಲಿನಲ್ಲಿಯೂ ಆ ಕಿರಣ ಬಲು ಕಡಮೆ. ನಮ್ಮ ನೆರಳು ನಮಗಿಂತ ಗಿಡ್ಡವಾಗಿರುವ ಹೊತ್ತಿನ ಬಿಸಿಲು ಬೇಕು. ಊಟದ ವಿಷಯದಲ್ಲಿ ಮಾತ್ರ ಮೈಸೂರಿನವರ ಮುಂದೆ ತಲೆಬಾಗಲೇಬೇಕು: ನೂರು ಗ್ರಾಂ ರಾಗಿಯಲ್ಲಿ ಸುಮಾರು ೩೫೦ ಮಿಲಿಗ್ರಾಂ ಕ್ಯಾಲ್ಸಿಯಂ, ನಮ್ಮ ಬಿಳಿಜೋಳದಲ್ಲಿ ಮೂವತ್ತೂ ದಾಟದು. ಎಳ್ಳಿನಲ್ಲಿ ರಾಗಿಗಿಂತಲೂ ಹೆಚ್ಚೆಂದು ಹೇಳಿ, ಸಂಕ್ರಾಂತಿಯ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿಯನ್ನು ನೆನೆದು ಮಾನ ಉಳಿಸಿಕೊಳ್ಳುತ್ತೇನೆ.

ಹನ್ನೊಂದು ಗಂಟೆಗೆ ಮಾಳಿಗೆಯ ಮೇಲೆ ಹೋಗಿ ಕೂಡೆಂದರೆ ಅವ್ವ ಒಪ್ಪಲಿಲ್ಲ. "ಬಿಸಿಲಾಗ ಸುಮ್ಮನ ಕೂಡ್ಲಿಕ್ಕೆ ನನಗೇನ ಹುಚ್ಚ ಹಿಡದದ?" ಎಂದಳು. ಕೊನೆಗೆ ಉಪಾಯ ಹೊಳೆದದ್ದು ನನ್ನ ಹೆಂಡತಿಗೆ. ಮಾಳಿಗೆಯ ಬೀಗದ ಕೈ ಇಸಕೊಂಡು, ಹಳೆಯ ಧೋತರ ಹಾಸಿ, ಕುರಡಗಿ ಒಣಹಾಕಿಸಿದಳು. ಕಾಗೆ ಕಾಯುವವರು ಬೇಕಲ್ಲ! ಕೆಳಗಿನ ಮನೆಯ ಮರಾಠಿ ಆಜಿಯೂ ತಮ್ಮ ಕುರಡಈ ತಂದರು. ರವಿವಾರಗಳಲ್ಲಿ ಮಗಳು ಅಲ್ಲಿಯೇ ಹಗ್ಗ ಆಡುತ್ತಾಳೆ. ಕುಸಿದ ಮಣಿಗಳು ಮರಳಿ ಏಳುವುದಿಲ್ಲ, ಹೋದ ಎತ್ತರ ಬರುವುದಿಲ್ಲ; ಕೈ ಮಾತ್ರ ಚೆನ್ನಾಗಿ ಕೂಡಿದೆ. ಆ ಕೈಯಿಂದಲೇ ಅವ್ವ ತನ್ನ ಸೀರೆಗಳ ಕೆಳ ಅಂಚನ್ನು ಎರಡೆರಡು ಬೆರಳು ಮಡಿಚಿ ಹೊಲಿದುಕೊಂಡಿದ್ದಾಳೆ. ನೇಕಾರರನ್ನು ಬೈಯುವುದನ್ನು ಇನ್ನೂ ಬಿಟ್ಟಿಲ್ಲ.

ಮುಂದಿನ ಸಂಚಿಕೆಗೆ ಹಲ್ಲಿನ ವಿಷಯ. ಹೈದರಾಬಾದಿನ ಸೋದರಿಯವರು ತಮ್ಮ ಮನೆಯ ಹಿರಿಯರ ಸೀರೆಯ ಅಂಚನ್ನು ಒಮ್ಮೆ ನೋಡಿ, ಕಾಗದ ಬರೆಯಲಿ.