ಅಯೋವಾಗೇ ಯಾಕೆ ಮೊದಲ ಸರದಿ?

ಅಮೆರಿಕದ ಅಧ್ಯಕ್ಷರ ಚುನಾವಣೆ ಅಂದ್ರೆ ನಮಗೆ ನೆನಪಾಗೋದು ನವೆಂಬರ್. ಆದರೆ ನವೆಂಬರಿನಲ್ಲಿ ಕಣದಲ್ಲಿ ಯಾರಿರಬೇಕು ಅನ್ನೋದು ಎಷ್ಟೋ ಸಲ ಆ ವರ್ಷದ ಮೊದಲ ತಿಂಗಳುಗಳಲ್ಲೇ ಬಹುಮಟ್ಟಿಗೆ ತೀರ್ಮಾನ ಆಗಿಬಿಟ್ಟಿರುತ್ತೆ. ಅಲ್ಲಿ ಪಕ್ಷದ ಟಿಕೆಟ್ ಕೊಡೋದು ಹೈಕಮಾಂಡ್ ಅಲ್ಲ. ರಾಜ್ಯಗಳು ಒಂದಾದ ಮೇಲೊಂದರಂತೆ ಮತ ಹಾಕಿ ಆರಿಸುತ್ತವೆ. 1972ರಿಂದ ದಶಕಗಳ ಕಾಲ ಈ ಸಾಲಿನ ತುದಿಯಲ್ಲಿ ನಿಂತದ್ದು ಅಯೋವಾದ ಕಾಕಸ್. ಅದರ ಬೆನ್ನಿಗೇ ನ್ಯೂ ಹ್ಯಾಂಪ್‌ಷೈರ್‌ನ ಪ್ರೈಮರಿ. ಮೊದಲ ಪ್ರೈಮರಿ ತಮ್ಮದೇ ಆಗಬೇಕು ಅಂತ ಆ ಪುಟ್ಟ ರಾಜ್ಯದವರು ಕಾನೂನನ್ನೇ ಮಾಡಿಕೊಂಡಿದ್ದಾರೆ!

ಲೆಕ್ಕ ನೋಡಿ. ಅಯೋವಾದ ಜನಸಂಖ್ಯೆ ಸುಮಾರು 32 ಲಕ್ಷ. 2020ರಲ್ಲಿ ಡೆಮಾಕ್ರಟಿಕ್ ಪಕ್ಷದ ಮತದಾರರು ಆರಿಸಿದ 3,979 ಪ್ರತಿನಿಧಿಗಳಲ್ಲಿ ಅಯೋವಾದ ಪಾಲು ಬರೀ 41. ನೂರಕ್ಕೆ ಒಂದು! ಆದರೂ ಅಭ್ಯರ್ಥಿಗಳು ತಿಂಗಳುಗಟ್ಟಲೆ ಅಲ್ಲೇ ಸುತ್ತುತ್ತಾರೆ. ಯಾಕಂದ್ರೆ ಅಲ್ಲಿ ಗೆದ್ದವರು ಮರುದಿನ ಎಲ್ಲ ಟಿವಿಗಳಲ್ಲೂ ಇರ್ತಾರೆ, ಟಿವಿಯಲ್ಲಿ ಕಂಡವರಿಗೆ ದೇಣಿಗೆ ಹರಿದು ಬರುತ್ತೆ, ಆ ದುಡ್ಡಲ್ಲಿ ಮುಂದಿನ ರಾಜ್ಯದ ಪ್ರಚಾರ ನಡೆಯುತ್ತೆ. ಕಂಟ್ರೋಲ್ ಸಿಸ್ಟಮ್ಸ್ ಓದಿದವರಿಗೆ ಬಿಡಿಸಿ ಹೇಳಬೇಕಿಲ್ಲ, ಇದು ಪಕ್ಕಾ ಪಾಸಿಟಿವ್ ಫೀಡ್‌ಬ್ಯಾಕ್. 1976ರಲ್ಲಿ ಅಯೋವಾದ ಡೆಮಾಕ್ರಟರಲ್ಲಿ ಅತಿ ಹೆಚ್ಚು ಮಂದಿ 'ಇನ್ನೂ ಯಾರ ಪರವೂ ಇಲ್ಲ' ಅಂದಿದ್ರು. ಜಿಮ್ಮಿ ಕಾರ್ಟರ್ ಬಂದದ್ದು ಅದರ ನಂತರ. ಆದರೆ ಸುದ್ದಿಯಾದದ್ದು ಕಾರ್ಟರ್ ಗೆಲುವು ಅಂತಲೇ. ವರ್ಷದ ಕೊನೆಗೆ ಅವರು ಅಧ್ಯಕ್ಷರಾಗಿ ಚುನಾಯಿತರಾದರು.

ನನ್ನ ತಕರಾರು ಗೆಲ್ಲುವವರ ಬಗ್ಗೆ ಅಲ್ಲ, ಕಾಣೆಯಾಗುವವರ ಬಗ್ಗೆ. 2024ರ ಜನವರಿಯಲ್ಲಿ ಅಯೋವಾದ ರಿಪಬ್ಲಿಕನ್ ಕಾಕಸ್‌ಗೆ ಕೊರೆಯುವ ಚಳಿಯಲ್ಲಿ ಬಂದವರು ಸುಮಾರು 1 ಲಕ್ಷ 10 ಸಾವಿರ ಜನ. ಅದೇ ರಾತ್ರಿ ವಿವೇಕ್ ರಾಮಸ್ವಾಮಿ ಹಿಂದೆ ಸರಿದರು, ಎರಡನೇ ಸ್ಥಾನ ಪಡೆದಿದ್ದ ರಾನ್ ಡಿಸಾಂಟಿಸ್ ವಾರದೊಳಗೆ ಹೊರಟುಹೋದರು. ಸುಮಾರು 3.9 ಕೋಟಿ ಜನರಿರುವ ಕ್ಯಾಲಿಫೋರ್ನಿಯಾದ ಸರದಿ ಬಂದದ್ದು ಮಾರ್ಚ್‌ನಲ್ಲಿ. ಅಷ್ಟರಲ್ಲಿ ಅವರ ಮುಂದೆ ಉಳಿದಿದ್ದ ಆಯ್ಕೆ ಎಷ್ಟು?

'ಬೈಡನ್ ಅಯೋವಾದಲ್ಲಿ ನಾಲ್ಕನೆಯವರಾಗಿ, ನ್ಯೂ ಹ್ಯಾಂಪ್‌ಷೈರ್‌ನಲ್ಲಿ ಐದನೆಯವರಾಗಿಯೂ 2020ರಲ್ಲಿ ಗೆದ್ರಲ್ಲ' ಅಂತ ಕೇಳಬಹುದು. ಸರಿ. ಅವರನ್ನು ಎತ್ತಿದ್ದು ಸೌತ್ ಕ್ಯಾರೊಲೈನಾ. ಅಲ್ಲಿ ಡೆಮಾಕ್ರಟಿಕ್ ಮತದಾರರಲ್ಲಿ ಅರ್ಧಕ್ಕಿಂತ ಹೆಚ್ಚು ಕಪ್ಪು ಜನ. ಅಯೋವಾ, ನ್ಯೂ ಹ್ಯಾಂಪ್‌ಷೈರ್‌ಗಳಲ್ಲಿ ಬಹುಪಾಲು ಬಿಳಿಯರು. ಸರದಿ ಬದಲಾದರೆ ಫಲಿತಾಂಶವೂ ಬದಲಾಗುತ್ತೆ ಅನ್ನೋದಕ್ಕೆ ಇದೇ ಸಾಕ್ಷಿ. ಆಗಲೇ ದೊಡ್ಡ ಹೆಸರು ಮಾಡಿದ್ದ ಬೈಡನ್ ಅಲ್ಲಿಯವರೆಗೆ ಹೇಗೋ ತಾಳಿಕೊಂಡರು. ಹೊಸಬರಿಗೆ ಅದು ಸಾಧ್ಯವೇ?

ಹಾಗಂತ ಎಲ್ಲ ರಾಜ್ಯಗಳಲ್ಲೂ ಒಂದೇ ದಿನ ಮತದಾನ ಇಡಿ ಅನ್ನೋದು ನನಗೆ ಒಪ್ಪಿಗೆ ಇಲ್ಲ. ಆಗ ದುಡ್ಡಿರೋರಿಗೆ ಮಾತ್ರ ಆಟ. ಕಾರ್ಟರ್‌ರಂಥವರು ಲೆಕ್ಕಕ್ಕೇ ಬರ್ತಿರಲಿಲ್ಲ. ಚಿಕ್ಕ ರಾಜ್ಯ ಮೊದಲು ಇರಲಿ, ಅಲ್ಲಿ ಅಭ್ಯರ್ಥಿ ಮನೆಬಾಗಿಲಿಗೆ ಬಂದು ಪ್ರಶ್ನೆಗೆ ಉತ್ತರ ಕೊಡಲೇಬೇಕಾಗುತ್ತೆ. ಆದರೆ ಪ್ರತಿ ಸಲ ಅದೇ ರಾಜ್ಯ ಯಾಕೆ? ಒಮ್ಮೆ ನ್ಯೂ ಮೆಕ್ಸಿಕೊ, ಇನ್ನೊಮ್ಮೆ ಡೆಲವೇರ್ ಬರಲಿ.

ಇದು ಸುಲಭ ಅಲ್ಲ ಬಿಡಿ. 2024ಕ್ಕೆ ಡೆಮಾಕ್ರಟರು ಸೌತ್ ಕ್ಯಾರೊಲೈನಾವನ್ನು ಮೊದಲಿಗೆ ತಂದರು. ನ್ಯೂ ಹ್ಯಾಂಪ್‌ಷೈರ್ ಕೇಳಲೇ ಇಲ್ಲ, ಜನವರಿಯಲ್ಲೇ ಪ್ರೈಮರಿ ನಡೆಸಿತು. ಮತಪತ್ರದಲ್ಲಿ ಬೈಡನ್ ಹೆಸರೇ ಇರಲಿಲ್ಲ. ಜನ ಪೆನ್ನಿನಲ್ಲಿ ಅವರ ಹೆಸರು ಬರೆದು ಗೆಲ್ಲಿಸಿದರು.