ಪಾಸಿಂಗ್ ಪ್ಯಾಕೇಜ್‌ನಿಂದ ಗಣಿತ ಬರುವುದಿಲ್ಲ

ಗಣಿತದ ತರಗತಿಯಲ್ಲಿ ಮಕ್ಕಳಿಗೆ ಸ್ವಾತಂತ್ರ್ಯ ಕೊಡುವುದೆಂದರೆ ಅವರನ್ನು ಇಷ್ಟಬಂದಂತೆ ಬಿಟ್ಟುಬಿಡುವುದಲ್ಲ. ಲೆಕ್ಕವನ್ನು ಸ್ವಂತ ದಾರಿಯಲ್ಲಿ ಬಿಡಿಸಲು ಸಮಯ ಕೊಡುವುದು, ‘ಉತ್ತರ ಹೇಗೆ ಬಂತು?’ ಎಂದು ಕೇಳಿ ಕಿವಿಗೊಡುವುದು, ಸೂತ್ರ ಬರೆಸುವ ಮೊದಲು ಅದು ಯಾಕೆ ಬೇಕೆಂದು ತಿಳಿಸುವುದು. 48ನ್ನು 25ರಿಂದ ಗುಣಿಸಬೇಕಾದ ಹುಡುಗಿ ‘ನಾಲ್ಕು ಇಪ್ಪತ್ತೈದು ನೂರು, 48ರಲ್ಲಿ ಹನ್ನೆರಡು ನಾಲ್ಕು, ಹಾಗಾಗಿ 1200’ ಎಂದರೆ ಅವಳಿಗೆ ಸಂಖ್ಯೆಗಳ ಒಳಗುಟ್ಟು ಸಿಕ್ಕಿದೆ. ಬೋರ್ಡಿನ ಮೇಲಿದ್ದಂತೆ ಮಾಡಿಲ್ಲವೆಂದು ಅದರ ಮೇಲೆ ಕೆಂಪು ಗೆರೆ ಎಳೆಯುವುದು ಶಿಸ್ತಲ್ಲ, ಅನ್ಯಾಯ. ಎಸ್‌ಎಸ್‌ಎಲ್‌ಸಿ ಮಾದರಿ ಉತ್ತರಗಳೇ ಪರ್ಯಾಯ ವಿಧಾನಕ್ಕೆ ಅಂಕ ಕೊಡುವಾಗ ತರಗತಿಗೆ ಯಾಕೆ ಈ ಬಿಗಿ?

‘ಫಲಿತಾಂಶ ಬೇಕಾದರೆ ಉರು ಹೊಡೆಸಲೇಬೇಕು’ ಎನ್ನುವವರ ಕೈಯಲ್ಲೇ ಹತ್ತನೇ ತರಗತಿ ವರ್ಷಗಳಿಂದ ಇದೆ. ಪಾಸಾಗಲು ಬೇಕಾದಷ್ಟನ್ನೇ ಕಲಿಸುವ ಪಾಸಿಂಗ್ ಪ್ಯಾಕೇಜ್, ಬೆಳಗಿನ ವಿಶೇಷ ತರಗತಿ, ನಿಧಾನ ಕಲಿಕೆಯವರೆಂಬ ಹಣೆಪಟ್ಟಿ, ಎಲ್ಲವೂ ಆಗಿದೆ. 2023ರಲ್ಲಿ ರಾಜ್ಯದ ಎಸ್‌ಎಸ್‌ಎಲ್‌ಸಿ ಒಟ್ಟು ಫಲಿತಾಂಶ ಶೇ 83.89. ಮರುವರ್ಷ ಪರೀಕ್ಷಾ ಕೊಠಡಿಗೆ ವೆಬ್‌ಕಾಸ್ಟಿಂಗ್ ಬಂತು. ಕೃಪಾಂಕವನ್ನು ಶೇ 10ರಿಂದ 20ಕ್ಕೆ ಏರಿಸಿದರೂ ಫಲಿತಾಂಶ ಶೇ 73.40ಕ್ಕೆ ಕುಸಿಯಿತು. ಕ್ಯಾಮೆರಾ ಇಟ್ಟ ಒಂದೇ ವರ್ಷದಲ್ಲಿ ಕರಗಿಹೋಗುವುದನ್ನು ಕಲಿಕೆ ಎನ್ನಲಾಗದು.

ಅಮೆರಿಕದ ಮನೋವಿಜ್ಞಾನಿ ಎಡ್ವರ್ಡ್ ಡೆಸಿ ಮತ್ತು ಸಂಗಡಿಗರು 1981ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮಕ್ಕಳ ಸ್ವಾಯತ್ತತೆಗೆ ಒತ್ತಾಸೆಯಾಗುವ ಶಿಕ್ಷಕರ ತರಗತಿಗಳಲ್ಲಿ ಕಲಿಯುವ ಆಸೆಯೂ ‘ನನ್ನಿಂದ ಆಗುತ್ತದೆ’ ಎಂಬ ನಂಬಿಕೆಯೂ ಹೆಚ್ಚಿದ್ದವು. ಗಣಿತದಲ್ಲಿ ಈ ನಂಬಿಕೆಯೇ ಬಂಡವಾಳ. ಅದಿದ್ದ ಮಗು ಮೊದಲ ಸಲ ತಪ್ಪಿದರೂ ಲೆಕ್ಕವನ್ನು ಕೈಬಿಡುವುದಿಲ್ಲ. ಇಲ್ಲದ ಮಗು ಪಕ್ಕದವರ ಪುಸ್ತಕ ನೋಡುತ್ತದೆ.

ಡೆಸಿ ಮತ್ತು ಇತರರ 1982ರ ಪ್ರಯೋಗವನ್ನು ಶಿಕ್ಷಣ ಇಲಾಖೆಯ ಅಧಿಕಾರಿಗಳು ಗಮನಿಸಬೇಕು. ‘ಕಲಿಯುವವರ ಸಾಧನೆಗೆ ನೀವೇ ಹೊಣೆ’ ಎಂದು ಹೇಳಿಸಿಕೊಂಡವರು ಕಲಿಸುವಾಗ ಹೆಚ್ಚು ಮಾತಾಡಿದರು, ಹೆಚ್ಚು ಅಪ್ಪಣೆ ಕೊಟ್ಟರು, ಕಲಿಯುವವರಿಗೆ ಜಾಗವನ್ನೇ ಬಿಡಲಿಲ್ಲ. ಇಲ್ಲಿ ನಡೆಯುತ್ತಿರುವುದೂ ಇದೇ. ಜಿಲ್ಲೆಗಳಿಗೆ ರ್‍ಯಾಂಕ್, ಫಲಿತಾಂಶ ಕುಸಿದರೆ ಮುಖ್ಯ ಶಿಕ್ಷಕರಿಗೆ ನೋಟಿಸ್. ಅದರ ಮೇಲೆ ಚುನಾವಣೆ, ಗಣತಿ, ಬಿಸಿಯೂಟದ ಲೆಕ್ಕ. ತನ್ನ ಪೀರಿಯಡ್ಡನ್ನೇ ತಾನು ನಿರ್ಧರಿಸಲಾಗದ ಶಿಕ್ಷಕಿ ಮಕ್ಕಳಿಗೆ ಯಾವ ಸ್ವಾತಂತ್ರ್ಯ ಕೊಟ್ಟಾಳು?

ಶಾಲೆಗಳಿಗೆ ನೋಟಿಸ್ ಕಳಿಸುವುದನ್ನು ಇಲಾಖೆ ನಿಲ್ಲಿಸಲಿ. ಪಾಸಿಂಗ್ ಪ್ಯಾಕೇಜ್ ತಿದ್ದುವ ಸಮಯವನ್ನು, ಒಂದೇ ಲೆಕ್ಕವನ್ನು ಎರಡು ಮೂರು ರೀತಿಯಲ್ಲಿ ಮಕ್ಕಳೇ ಬೋರ್ಡಿನ ಮೇಲೆ ಬಿಡಿಸುವ ತರಗತಿಗೆ ಕೊಡಲಿ, ಅದೂ ಹತ್ತನೇ ತರಗತಿಯಲ್ಲಲ್ಲ, ನಾಲ್ಕನೆಯದರಿಂದಲೇ.